10 ಅಡಿಯ ಬೆಡ್‌ರೂಮ್, ತುಂಬಿ ತುಳುಕುವ ಕಪಾಟು: ಇನ್ನೊಂದು ವಾರ್ಡ್‌ರೋಬ್ ಮಾಡಿಸಬೇಕಾ?

ಕಡಲತಡಿ:
ಊರು ಮಂಗಳೂರು. ರೂಮು 10 × 11 ಅಡಿ. ಅದರಲ್ಲಿ 5 × 6.5 ಅಡಿಯ ಬಾಕ್ಸ್ ಮಂಚ, ಪಡುವಣ ಗೋಡೆಗೆ ಒತ್ತಿ ನಿಂತ ಎರಡು ಬಾಗಿಲಿನ ಕಬ್ಬಿಣದ ಕಪಾಟು. ಮಂಚದ ಪೆಟ್ಟಿಗೆಯಲ್ಲಿ ಹಳೇ ಹತ್ತಿ ಹಾಸಿಗೆ, ಕಂಬಳಿ, ಮಕ್ಕಳಿಗೆ ಗಿಡ್ಡವಾದ ಬಟ್ಟೆ. ಮಳೆ ಹಿಡಿದ ಮೇಲೆ ಪೆಟ್ಟಿಗೆ ತೆಗೆದರೆ ಮುಗ್ಗಲು ವಾಸನೆ. ರೇಷ್ಮೆ ಸೀರೆಯ ಅಂಚಿನಲ್ಲಿ ಬಿಳಿ ಬೂಷ್ಟು ಬಂದಿದೆ. 2 ಅಡಿ ಆಳದ, ಸೀಲಿಂಗ್‌ವರೆಗಿನ ವಾರ್ಡ್‌ರೋಬ್ ಮಾಡಿಸುವ ಯೋಚನೆ ಇದೆ. ಸರಿಯಾ? ಎಲ್ಲವನ್ನೂ ಈಗಲೇ ಖಾಲಿ ಮಾಡೋದಾ, ಮಳೆಗಾಲ ಕಳೆಯಲಿ ಅಂತ ಬಿಡೋದಾ?

ಅಳತೆಪಟ್ಟಿ:
ಈಗ ಮಾಡಿಸಬೇಡಿ. ಮಂಚದ ತಲೆಭಾಗ 10 ಅಡಿಯ ಗೋಡೆಗೆ ಇದ್ದರೆ ಕಾಲಿನ ಕಡೆ ನಾಲ್ಕೂವರೆ ಅಡಿ ಉಳಿಯುತ್ತೆ. ಅಲ್ಲಿ 2 ಅಡಿಯ ವಾರ್ಡ್‌ರೋಬ್ ಬಂದರೆ ಎರಡೂವರೆ ಅಡಿ. ಒಂದೂವರೆ ಅಡಿಯ ಬಾಗಿಲು ತೆರೆದರೆ ಮಂಚಕ್ಕೂ ಬಾಗಿಲಿಗೂ ನಡುವೆ ಒಂದೇ ಅಡಿ. ನಿಂತು ಬಟ್ಟೆ ತೆಗೆಯೋದು ಹೇಗೆ? ಹ್ಯಾಂಗರ್‌ಗೆ ತೂಗುಹಾಕುವ ಬಟ್ಟೆಗೆ ಮಾತ್ರ 2 ಅಡಿ ಆಳ ಬೇಕು. ಮಡಿಸಿಡುವ ಬಟ್ಟೆಗೆ 15–16 ಇಂಚು ಸಾಕು. ಅದಕ್ಕಿಂತ ಆಳವಾದರೆ ಹಿಂದಿನ ಸಾಲು ಕಣ್ಣಿಗೇ ಬೀಳಲ್ಲ, ಮರೆತುಹೋಗಿ ಅಲ್ಲೇ ಬೂಷ್ಟು ಹಿಡಿಯುತ್ತೆ.

ಮೊದಲು ಕಪಾಟಿನ ಜಾಗ ಬದಲಿಸಿ. ಕರಾವಳಿಯಲ್ಲಿ ಮಳೆ ಹೊಡೆಯೋದು ನೈಋತ್ಯದಿಂದ, ಹಾಗಾಗಿ ಪಡುವಣ ಮತ್ತು ತೆಂಕಣ ಗೋಡೆಗಳೇ ಮೊದಲು ಥಂಡಿ ಹಿಡಿಯೋದು. ಒಳಗೋಡೆಗೆ ಸರಿಸಿ, ಹಿಂದೆ 3 ಇಂಚು ಸಂದು ಬಿಡಿ, ಕಾಲುಗಳ ಕೆಳಗೆ ಗ್ರಾನೈಟ್ ತುಂಡು ಕೊಡಿ.

ಬೈತಲೆಮಣಿ:
ಎಲ್ಲವನ್ನೂ ಒಂದೇ ದಿನ ಹಾಸಿಗೆ ಮೇಲೆ ಸುರಿಯಬೇಡಿ. ರಾತ್ರಿ ಮಲಗೋಕೆ ಜಾಗ ಬೇಕಲ್ಲ, ಹಾಗಾಗಿ ಸಿಕ್ಕ ಹಾಗೆ ವಾಪಸ್ ತುರುಕುತ್ತೀರಿ. ಈಗ ಮಂಚದ ಪೆಟ್ಟಿಗೆ ಮಾತ್ರ ತೆಗೆದುಕೊಳ್ಳಿ. ಕಪಾಟನ್ನು ದೀಪಾವಳಿ ಹೊತ್ತಿಗೆ, ಒಣ ಬಿಸಿಲು ಬಂದ ಮೇಲೆ.

ಪೆಟ್ಟಿಗೆಯಿಂದ ಮೊದಲು ಹೊರಹೋಗಬೇಕಾದ್ದು ಆ ಹತ್ತಿ ಹಾಸಿಗೆ. ಇಡೀ ಪೆಟ್ಟಿಗೆಯ ತೇವ ಹೀರಿಕೊಂಡು ಕೂತಿರೋದು ಅದೇ. ಮಳೆ ನಿಂತ ಮೇಲೆ ಹತ್ತಿ ಹಿಂಜಿಸಿ ಬೇರೆ ಬಟ್ಟೆಗೆ ತುಂಬಿಸಬಹುದು. ಬಳಸೋದೇ ಇಲ್ಲ ಅಂದರೆ ಮನೆಯಲ್ಲಿಡಬೇಡಿ. ಹಾಸು ಬಟ್ಟೆ ಒಂದು ಮಂಚಕ್ಕೆ ಮೂರು ಜೊತೆ (ಒಂದು ಹಾಸಿದ್ದು, ಒಂದು ಒಗೆಯೋಕೆ, ಒಂದು ಕಪಾಟಿನಲ್ಲಿ), ನೆಂಟರಿಗೆ ಎರಡು. ಮಿಕ್ಕಿದ್ದು ಬೇಡ. ಮಕ್ಕಳ ಬಟ್ಟೆಯಲ್ಲಿ ತಮ್ಮನಿಗೋ ತಂಗಿಗೋ ಆಗುವಂಥದ್ದನ್ನು ಮಾತ್ರ ವಯಸ್ಸು ಬರೆದ ಚೀಲದಲ್ಲಿಡಿ. ಹಳೇ ಕಾಟನ್ ಸೀರೆಗಳನ್ನು ಉತ್ತರ ಕರ್ನಾಟಕದ ಕಡೆ ಕೌದಿ ಹೊಲಿಯುವವರಿಗೆ ಕೊಡಬಹುದು.

"ನೋಡೋಣ" ಅನ್ನುವ ಬಟ್ಟೆಗೆ ಒಂದೇ ಒಂದು ಚೀಲ. ಮೇಲೆ ತಾರೀಖು ಬರೆಯಿರಿ. ಎರಡನೇ ಚೀಲ ಹುಟ್ಟಿತು ಅಂದರೆ ನೀವು ತೀರ್ಮಾನ ಮುಂದೂಡುತ್ತಿದ್ದೀರಿ ಅಂತಲೇ ಅರ್ಥ.

ಮರಗೆಲಸ:
ಬಾಕ್ಸ್ ಮಂಚದ ಬಗ್ಗೆ ಒಂದು ಮಾತು. ತಳ ನೆಲಕ್ಕೇ ಕೂತಿದ್ದರೆ ಎಷ್ಟು ಖಾಲಿ ಮಾಡಿದರೂ ವಾಸನೆ ಹೋಗಲ್ಲ. 3–4 ಇಂಚಿನ ಕಾಲು ಕೊಡಿಸಿ, ಕೆಳಗೆ ಪೊರಕೆ ಆಡಬೇಕು. ಹಾಸಿಗೆ ಕೂರುವ ಹಲಗೆಗೆ ಒಂದು ಇಂಚಿನ ತೂತುಗಳನ್ನು ಸಾಲಾಗಿ ಕೊರೆಸಿ. ತೂತಿಲ್ಲದ ಹಲಗೆ ಮೇಲೆ ಹಾಸಿಗೆಯ ಅಡಿಭಾಗವೂ ಬೆವರುತ್ತೆ. ಪಾರ್ಟಿಕಲ್ ಬೋರ್ಡ್ ಆಗಿದ್ದರೆ ಅಂಚು ಮುಟ್ಟಿ ನೋಡಿ. ಉಬ್ಬಿದ್ದರೆ ಅದು ಮತ್ತೆ ಕೂರಲ್ಲ, ಆ ಹಲಗೆಯನ್ನು 710 ದರ್ಜೆಯ (ನೀರು ತಡೆಯುವ, ಮರೈನ್) ಪ್ಲೈವುಡ್‌ಗೆ ಬದಲಿಸಿ.

ಮಂಚದ ಹಲಗೆಯ ಬೂಷ್ಟನ್ನು ಒಣ ಬ್ರಶ್‌ನಿಂದ ಉಜ್ಜಬೇಡಿ, ಪುಡಿ ರೂಮಿಡೀ ಹರಡುತ್ತೆ. ಮಾಸ್ಕ್ ಹಾಕಿಕೊಂಡು ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿದ ಮೇಲೇ ಮುಚ್ಚಿ.

ಬೈತಲೆಮಣಿ:
ಸೀರೆ ವಿಷಯ ಬಿಟ್ಟುಹೋಯ್ತು. ಬೂಷ್ಟು ಬಂದದ್ದನ್ನು ಇವತ್ತೇ ಬೇರೆ ಮಾಡಿ ಡ್ರೈಕ್ಲೀನಿಂಗ್‌ಗೆ ಕೊಡಿ, ದೀಪಾವಳಿವರೆಗೆ ಬಿಡಬೇಡಿ. ಉಳಿದವನ್ನು ಪ್ಲಾಸ್ಟಿಕ್ ಕವರ್‌ನಿಂದ ತೆಗೆದು ಒಗೆದು ಒಣಗಿದ ಬಿಳಿ ಪಂಚೆಯಲ್ಲಿ ಸುತ್ತಿಡಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಜರಿ ಮುರಿಯುತ್ತೆ. ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿಗೆ ಹರಡಿದರೆ ಸಾಕು.

ಮಳೆ ಸುರಿಯುವಾಗ "ಗಾಳಿಯಾಡಲಿ" ಅಂತ ಕಪಾಟು ತೆರೆದಿಡಬೇಡಿ. ಒಳಗೆ ಹೋಗೋದು ಒದ್ದೆ ಗಾಳಿ. ಮನೆಯೊಳಗೆ ಒಣಗಿಸಿದ ಜೀನ್ಸ್‌ನ ಸೊಂಟಪಟ್ಟಿ, ಜೇಬಿನ ಒಳಭಾಗ ಮುಟ್ಟಿ ನೋಡಿ. ತಣ್ಣಗಿದ್ದರೆ ಒಣಗಿಲ್ಲ, ಇಸ್ತ್ರಿ ಹಾಕಿ, ಆರಿದ ಮೇಲೆ ಇಡಿ.

ಕಡಲತಡಿ:
ತುಂಬಾ ಉಪಕಾರ ಆಯ್ತು. ಮಂಚದ ಪೆಟ್ಟಿಗೆ ಈ ಭಾನುವಾರ ಮಾಡ್ತೇನೆ. ಕಪಾಟಿಗೆ ನುಸಿಗುಳಿಗೆ ಮತ್ತು ಕರ್ಪೂರ ಎರಡೂ ಹಾಕಬಹುದಾ? ತೇವ ಹೀರುವ ಡಬ್ಬಿ?

ಅಳತೆಪಟ್ಟಿ:
ಎರಡೂ ಒಟ್ಟಿಗೆ ಬೇಡವೇ ಬೇಡ. ನುಸಿಗುಳಿಗೆಯ ನ್ಯಾಫ್ತಲೀನ್ ಮತ್ತು ಕರ್ಪೂರ ಒಂದಕ್ಕೊಂದು ತಾಗಿದರೆ ಕರಗಿ ದ್ರವವಾಗಿ ಬಟ್ಟೆಗೆ ಕಲೆ ಹಿಡಿಸುತ್ತವೆ. ಕೂಸಿನ ಬಟ್ಟೆ ಇರುವ ಕಡೆ ನ್ಯಾಫ್ತಲೀನ್ ಇಡಲೇಬೇಡಿ, ಜಿ6ಪಿಡಿ ಕೊರತೆ (ಕೆಂಪು ರಕ್ತಕಣ ಬೇಗ ಒಡೆಯುವ, ಹುಟ್ಟಿನಿಂದಲೇ ಬರುವ ತೊಂದರೆ) ಇರುವ ಶಿಶುಗಳಿಗೆ ಅದು ಅಪಾಯ. ಇವೆರಡೂ ಹುಳುವಿಗೆ ಮಾತ್ರ, ತೇವಕ್ಕಲ್ಲ. ತೇವಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಸರಿ. ಆದರೆ ಅದನ್ನು ಕಪಾಟಿನ ತೀರಾ ಕೆಳಗೆ, ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಇಡಿ. ತುಂಬಿದ ಉಪ್ಪುನೀರು ಚೆಲ್ಲಿದರೆ ಕಬ್ಬಿಣಕ್ಕೆ ತುಕ್ಕು, ಬಟ್ಟೆಗೆ ಕಲೆ. ವಾರಕ್ಕೊಮ್ಮೆ ನೋಡಿ, ಮುಕ್ಕಾಲು ತುಂಬಿದ ಕೂಡಲೇ ಬದಲಿಸಿ.