ಗ್ರೂಪ್ ಕ್ಲಾಸ್ ಹೇಳಿಕೊಡಲು ಯಾವ ಸರ್ಟಿಫಿಕೇಟ್ ಮಾಡಲಿ?

ಹಿಂದಿನಸಾಲು:
ಎಲ್ಲರಿಗೂ ನಮಸ್ಕಾರ. ನಾನು ಸ್ಟೆಪ್ ಏರೋಬಿಕ್ಸ್ (ಹಾಡಿಗೆ ತಕ್ಕಂತೆ ಪುಟ್ಟ ಹಲಗೆ ಹತ್ತಿ ಇಳಿಯುವ ವ್ಯಾಯಾಮ) ಕ್ಲಾಸಿಗೆ ಹೋಗುವವಳು. ಮೇಡಂ ತಡವಾಗಿ ಬಂದ ದಿನ ವಾರ್ಮಪ್ ನಾನೇ ಮಾಡಿಸುತ್ತೇನೆ. ಈಗ ಇದನ್ನೇ ಕೆಲಸ ಮಾಡಿಕೊಳ್ಳುವ ಆಸೆ. ಹುಡುಕಲು ಹೋದರೆ ಎಸಿಇ, ಎಎಫ್‌ಎಎ ಅನ್ನುವ ಅಮೆರಿಕದ ಸಂಸ್ಥೆಗಳ ಸರ್ಟಿಫಿಕೇಟು, ಜುಂಬಾ ಡಾನ್ಸ್, ಲೆಸ್ ಮಿಲ್ಸ್ ಕಂಪನಿಯ ಕ್ಲಾಸುಗಳು ಅಂತ ಸಾಲಾಗಿ ಬಂದು ತಲೆ ಕೆಟ್ಟುಹೋಗಿದೆ. ಜುಂಬಾ ಒಂದೇ ದಿನದ ತರಬೇತಿಯಂತೆ. ಎಸಿಇಗೆ ದೊಡ್ಡ ಪರೀಕ್ಷೆಯಂತೆ. ಪುಸ್ತಕ ಹಿಡಿದು ಯಾವ ಕಾಲವಾಯಿತೋ! ಬೇಗ ಮುಗಿಯುವುದನ್ನೇ ಮಾಡಿಬಿಡಲಾ?

ಬೀಟ್‌ಮೇಲೆ:
ಜುಂಬಾ ಮಾಡಿ, ಮಿಕ್ಕಿದ್ದು ಆಮೇಲೆ ನೋಡಿಕೊಳ್ಳಿ. ನಾನು ಹಾಗೇ ಶುರು ಮಾಡಿದ್ದು, ಕ್ಲಾಸುಗಳು ಸಿಕ್ಕವು. ಲೈಸೆನ್ಸ್ ಚಾಲ್ತಿಯಲ್ಲಿರಲು ತಿಂಗಳು ತಿಂಗಳು ಸದಸ್ಯತ್ವ ಶುಲ್ಕ ಕಟ್ಟುತ್ತಾ ಇರಬೇಕು, ಅಷ್ಟೇ.

ಮೈಕ್‌ಹಿಡಿದವಳು:
ಬೀಟ್‌ಮೇಲೆ ಹೇಳಿದ್ದು ತಪ್ಪಲ್ಲ, ಆದರೆ ಇವರಿಗೆ ಇಷ್ಟ ಇರುವುದು ಸ್ಟೆಪ್ ಅಲ್ವಾ? ಜುಂಬಾ ಲೈಸೆನ್ಸ್ ಜುಂಬಾ ಕ್ಲಾಸಿಗೆ ಮಾತ್ರ. ಲೆಸ್ ಮಿಲ್ಸ್ ಕೂಡ ಹಾಗೇ. ಅವರ ಬಾಡಿಪಂಪ್ (ಬಾರ್ಬೆಲ್ ಎತ್ತುವ ಕ್ಲಾಸ್) ತರಬೇತಿ ಪಡೆದರೆ ಬಾಡಿಪಂಪ್ ಮಾತ್ರ. ಅಲ್ಲಿ ಹಾಡು, ಸ್ಟೆಪ್ಸ್ ಎಲ್ಲ ಅವರೇ ಕೊಡುತ್ತಾರೆ, ಮೂರು ತಿಂಗಳಿಗೊಮ್ಮೆ ಹೊಸದು ಬರುತ್ತದೆ. ನೀವು ಬಾಯಿಪಾಠ ಮಾಡಿ, ಕ್ಲಾಸಿನ ವಿಡಿಯೋ ಕಳಿಸಿ ಪಾಸಾಗಬೇಕು. ಸ್ವಂತ ಕೊರಿಯೋಗ್ರಫಿ ಬೇಡ ಅನ್ನುವವರಿಗೆ ಅದು ಸುಖ. ನನಗೆ ಉಸಿರು ಕಟ್ಟುತ್ತದೆ.

ನನ್ನ ಪ್ರಕಾರ ಮೊದಲು ತಳಪಾಯದ ಸರ್ಟಿಫಿಕೇಟ್ ಒಂದು ಇರಲಿ. ಎಸಿಇ, ಎಎಫ್‌ಎಎ, ಎಸಿಎಸ್‌ಎಂ (ಅದೂ ಅಮೆರಿಕದ್ದೇ), ಮೂರರಲ್ಲಿ ಯಾವುದಾದರೂ ಸರಿ. ಮೂರಕ್ಕೂ ಎನ್‌ಸಿಸಿಎ, ಅಂದರೆ ಸರ್ಟಿಫಿಕೇಟುಗಳ ಗುಣಮಟ್ಟ ನೋಡುವ ಸಂಸ್ಥೆಯ ಮಾನ್ಯತೆ ಇದೆ. ಇವುಗಳಲ್ಲಿ ಯಾವುದು ಮೇಲು ಅಂತ ರಾತ್ರಿಯಿಡೀ ಜಗಳ ಆಡುವವರಿದ್ದಾರೆ, ಸುಮ್ನೆ ಟೈಮ್ ವೇಸ್ಟ್. ನೀವು ಕ್ಲಾಸ್ ತೆಗೆದುಕೊಳ್ಳಬೇಕು ಅಂದುಕೊಂಡಿರುವ ಜಿಮ್ಮಿನ ಕೋಆರ್ಡಿನೇಟರ್ ಹತ್ತಿರ ಹೋಗಿ, ಯಾವುದನ್ನು ಒಪ್ಪುತ್ತೀರಿ ಅಂತ ಕೇಳಿ. ದುಡ್ಡು ಕಟ್ಟುವ ಮೊದಲೇ ಕೇಳಿ.

ಪರೀಕ್ಷೆಗೆ ಹೆದರಬೇಡಿ. ಎಸಿಇಯದ್ದು ಮೂರು ಗಂಟೆ, 150 ಪ್ರಶ್ನೆ, ಎಲ್ಲವೂ ಉತ್ತರ ಆರಿಸುವಂಥವು. ಅದರಲ್ಲಿ 25ಕ್ಕೆ ಅಂಕವೇ ಇಲ್ಲ, ಮುಂದಿನ ಪರೀಕ್ಷೆಗೆ ಸರಿಹೋಗುತ್ತವಾ ಅಂತ ನೋಡಲು ಸೇರಿಸಿರುತ್ತಾರೆ. ಯಾವ 25 ಅಂತ ಮಾತ್ರ ಗೊತ್ತಾಗಲ್ಲ! ಪಾಸಾದ ಮೇಲೆ ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಆ ಎರಡು ವರ್ಷದಲ್ಲಿ 20 ಗಂಟೆಯಷ್ಟು ಕಲಿಕೆ ತೋರಿಸಬೇಕು.

ಆ ಓದು ದಂಡ ಅಲ್ಲ. ಕ್ಲಾಸಿನ ಮಧ್ಯೆ ಒಬ್ಬರು ಮಂಡಿ ಹಿಡಿದುಕೊಂಡು ನಿಂತರೆ, ಗರ್ಭಿಣಿಯೊಬ್ಬರು ಮೊದಲ ದಿನ ಬಂದರೆ, ಅವರಿಗೆ ಏನು ಬದಲಿ ಕೊಡಬೇಕು ಅಂತ ಹಾಡು ಹೇಳಿಕೊಡಲ್ಲ. ಎಷ್ಟು ಜೋರಾಗಿ ಮಾಡುತ್ತಿದ್ದಾರೆ ಅಂತ ಅಳೆಯಲು ಮೆಷಿನ್ ಬೇಕಿಲ್ಲ. ಮಾತಾಡಿಸಿ ನೋಡಿ. ಒಂದೆರಡು ಪದಕ್ಕೇ ಏದುಸಿರು ಬಂದರೆ ಜಾಸ್ತಿ ಆಯಿತು ಅಂತ ಅರ್ಥ. ಹೃದ್ರೋಗಿಗಳಿಗೂ ಬಳಸುವ ಪರೀಕ್ಷೆ ಇದು.

ಆದರೆ ಯಾವ ಸರ್ಟಿಫಿಕೇಟೂ ಕ್ಯೂ ಕೊಡುವುದನ್ನು, ಅಂದರೆ ಮುಂದೇನು ಅಂತ ಮೊದಲೇ ಕೂಗಿ ಹೇಳುವುದನ್ನು, ರೂಢಿ ಮಾಡಿಸಲ್ಲ. ಸ್ಟೆಪ್ ಹಾಡುಗಳಲ್ಲಿ 32 ಕೌಂಟಿನ (ಒಂದು ಬೀಟ್ ಒಂದು ಕೌಂಟ್) ತುಂಡುಗಳಿರುತ್ತವೆ, ವೇಗ ನಿಮಿಷಕ್ಕೆ ಸುಮಾರು 118ರಿಂದ 128 ಬೀಟ್. ಮುಂದಿನ ಸ್ಟೆಪ್ ಯಾವುದು ಅಂತ ಕೊನೆಯ ನಾಲ್ಕು ಕೌಂಟಿನೊಳಗೆ ನಿಮ್ಮ ಬಾಯಿಂದ ಬರಬೇಕು. ಜನರ ಕಡೆ ಮುಖ ಮಾಡಿ ನಿಂತಾಗ ಅವರು ನಿಮ್ಮನ್ನು ಕನ್ನಡಿಯಂತೆ ಅನುಸರಿಸುತ್ತಾರೆ, ಹಾಗಾಗಿ ನೀವು ಎಡಗಾಲು ಎತ್ತಿ 'ಬಲ' ಅನ್ನಬೇಕು. ಹೇಳಲು ಸುಲಭ. ಗೋಡೆಯ ಮುಂದೆ ನಿಂತು ಜೋರಾಗಿ ಎಣಿಸಿ ಅಭ್ಯಾಸ ಮಾಡಿ, ಮನೆಯವರು ನಕ್ಕರೆ ನಗಲಿ. ನಿಮ್ಮ ಮೇಡಂ ಹತ್ತಿರ ವಾರ್ಮಪ್ ಜೊತೆ ಒಂದು ಹಾಡನ್ನೂ ಕೇಳಿ ಪಡೆಯಿರಿ.

ಬೀಟ್‌ಮೇಲೆ:
ಒಪ್ಪಿದೆ ಅಕ್ಕಾ. ಸ್ಟೆಪ್ ಅಂತ ಬರೆದಿದ್ದನ್ನು ನಾನು ಗಮನಿಸಲಿಲ್ಲ.

ಹಿಂದಿನಸಾಲು:
ತುಂಬಾ ಥ್ಯಾಂಕ್ಸ್. ಕೋಆರ್ಡಿನೇಟರ್ ಹತ್ತಿರ ನಾಳೆಯೇ ಕೇಳುತ್ತೇನೆ. ಎಸಿಇಗೆ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ಪ್ರಥಮ ಚಿಕಿತ್ಸೆ) ಸರ್ಟಿಫಿಕೇಟೂ ಬೇಕಂತೆ, ಆನ್‌ಲೈನಲ್ಲಿ ಮಾಡಿದರೆ ಆಗುತ್ತಾ?

ಮೈಕ್‌ಹಿಡಿದವಳು:
ಬರೀ ವಿಡಿಯೋ ನೋಡಿ ಪಡೆದದ್ದು ನಡೆಯಲ್ಲ. ಬೊಂಬೆಯ ಎದೆ ಒತ್ತಿ ತೋರಿಸುವ ಪ್ರಾಯೋಗಿಕ ಭಾಗ ಇರಬೇಕು. ಪರೀಕ್ಷೆಯ ಹೊತ್ತಿಗೆ ಅವಧಿ ಮುಗಿದಿರಬಾರದು, ತಾರೀಖು ನೋಡಿಕೊಂಡು ಬುಕ್ ಮಾಡಿ.