ಆಯಿ ಹೊಲಿದ ಪೋಲ್ಕ ಕಂಕುಳಲ್ಲಿ ಮತ್ತೆ ಹರಿಯಿತು, ಯಾರಾದರೂ ದಾರಿ ಹೇಳಿ

ಕಾಳಿದಂಡೆ (ಕಾರವಾರ): ಸಾಕಾಗಿ ಹೋಗಿದೆ. 1983ರಲ್ಲಿ ಆಯಿ (ನನ್ನ ಅಮ್ಮ) ತನಗೆ ಅಂತ ಹೊಲಿದುಕೊಂಡ ಪೋಲ್ಕ, ಪಫ್ ತೋಳಿನದು. ನನಗೆ ಸರಿಯಾಗಿ ಕೂರುತ್ತದೆ, ಅದಕ್ಕೇ ಇಷ್ಟು ಆಸೆ. ಆದರೆ ಕಂಕುಳಲ್ಲಿ ಹರಿಯುತ್ತದೆ. ಮೊದಲು ಶಿರಸಿ ಜಾತ್ರೆಯಲ್ಲಿ, ಆಮೇಲೆ ತಂಗಿಯ ಸೀಮಂತದಲ್ಲಿ, ನಿನ್ನೆ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದ ಕೂಡಲೇ ಚರ್ ಅಂದಿತು. ಎರಡು ಸಲ ರಿಪೇರಿ ಆಗಿದೆ. ಏನು ಮಾಡಲಿ?

ಪೆಡಲ್_ಶಿರಸಿ: ಮಿಷನ್ ಟೆನ್ಷನ್ ನೋಡಿ, ಅಂದರೆ ದಾರದ ಬಿಗಿ. ಹೆಚ್ಚಿನ ಸಲ ಅದೇ. ಕೆಳಗಿನ ದಾರದ ಬಾಬಿನ್ ಕೇಸಿನ ಚಿಕ್ಕ ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿ ಹೊಲಿಯಿರಿ.

ಕಾಳಿದಂಡೆ: ಮನೆಯಲ್ಲಿ ಮಿಷನ್ ಇಲ್ಲ. ಟೈಲರ್ ಹತ್ತಿರ ಕೊಟ್ಟಿದ್ದು.

ಪೆಡಲ್_ಶಿರಸಿ: ಹಾಗಾದರೆ ಅವರ ಮಿಷನ್ ಟೆನ್ಷನ್ನೇ. ಮೇಲಿನ ದಾರ ಬಿಗಿಯಾದರೆ ಕೈ ಎತ್ತಿದಾಗ ಹೊಲಿಗೆ ಎಳೆತ ತಡೆಯುವುದಿಲ್ಲ.

ಗೋಕರ್ಣದ_ಅತ್ತೆ: ತಂಗೀ, ಒಂದು ಹೇಳು. ಹರಿದದ್ದು ದಾರವೋ ಬಟ್ಟೆಯೋ? ಬಟ್ಟೆ ಯಾವುದು? ಎಲ್ಲಿ ಇಟ್ಟಿದ್ದೆ?

ಕಾಳಿದಂಡೆ: ಟೂ ಬೈ ಟೂ ಹತ್ತಿ ಬಟ್ಟೆ ಅತ್ತೆ, ಆಗಿನ ಪೋಲ್ಕ ಎಲ್ಲ ಅದೇ ಅಲ್ವಾ. ಈಗ ನೋಡಿದೆ, ದಾರ ಗಟ್ಟಿ ಇದೆ. ಹೊಲಿಗೆಯ ಪಕ್ಕಕ್ಕೇ ಬಟ್ಟೆ ಸೀಳಿದೆ. ಅಟ್ಟದ ಮರದ ಪೆಟ್ಟಿಗೆಯಲ್ಲಿತ್ತು, ಗಂಜಿ ಹಾಕಿ ಮಡಚಿದ್ದು.

ಗೋಕರ್ಣದ_ಅತ್ತೆ: ಇದನ್ನು ಮೊದಲೇ ಹೇಳಬೇಕಿತ್ತು ಮಗಾ! ಟೆನ್ಷನ್ ಅಲ್ಲ ಇದು. ಟೈಲರ್ ಹಾಕಿದ್ದು ಪಾಲಿಯೆಸ್ಟರ್ ದಾರ ಇರಬೇಕು, ಅದು ಹಳೆ ಹತ್ತಿಗಿಂತ ಗಟ್ಟಿ. ಎಳೆದಾಗ ದಾರ ಬಿಡುವುದಿಲ್ಲ, ಬಟ್ಟೆಯನ್ನೇ ಕತ್ತರಿಸುತ್ತದೆ. ಹೊಲಿಗೆ ಸಣ್ಣ ಸಣ್ಣದಾಗಿದ್ದರೆ ಇನ್ನೂ ಕಷ್ಟ, ಅಂಚೆಚೀಟಿ ಅಂಚಿನ ಹಾಗೆ ತೂತು ತೂತು. ಬೆವರು ಕುಡಿದ ಜಾಗ ಮೊದಲೇ ಸೋತಿರುತ್ತದೆ. ಹತ್ತಿ ದಾರ, 11 ನಂಬರ್ ಸೂಜಿ, ಇಂಚಿಗೆ ಎಂಟೋ ಹತ್ತೋ ಹೊಲಿಗೆ ಸಾಕು.

ಪೆಡಲ್_ಶಿರಸಿ: ಪಾಲಿಯೆಸ್ಟರ್ ದಾರಕ್ಕೂ ಟೆನ್ಷನ್ ಬೇಕಲ್ಲ ಅತ್ತೆ.

ಅಂಕೋಲಾ_ಎಳೆ: ಅದೆಲ್ಲ ಬಿಡಿ, ಗಂಜಿ ಹಾಕಿ ವರ್ಷಗಟ್ಟಲೆ ಮಡಚಿಡಬಾರದು. ಬೆಳ್ಳಿಹುಳ ಬರುತ್ತದೆ, ಮಡಿಕೆಯಲ್ಲಿ ಎಳೆ ಮುರಿಯುತ್ತದೆ. ನಮ್ಮ ಕರಾವಳಿ ಮಳೆಗಾಲದಲ್ಲಿ ಬೂಷ್ಟು ಬೇರೆ. ತೊಳೆದು, ಗಂಜಿ ಇಲ್ಲದೆ, ಹಳೆ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಡಾಂಬರ್ ಗುಳಿಗೆ ಹಾಕಿ.

ಹೆಗ್ಗರಣಿ_ಕಡೆ: ಡಾಂಬರ್ ಗುಳಿಗೆ ಬೇಡವೇ ಬೇಡ, ಆ ವಾಸನೆ ಹೋಗುವುದೇ ಇಲ್ಲ. ಬೇವಿನ ಎಲೆ ಹಾಕಿ.

ಅಂಕೋಲಾ_ಎಳೆ: ಹಸಿ ಎಲೆ ಹಾಕಿದರೆ ಕಲೆ ಬೀಳುತ್ತದೆ, ಚೆನ್ನಾಗಿ ಒಣಗಿಸಬೇಕು.

ಹೆಗ್ಗರಣಿ_ಕಡೆ: ಒಣ ಎಲೆಯನ್ನೇ ನಾನು ಹೇಳಿದ್ದು.

ಗೋಕರ್ಣದ_ಅತ್ತೆ: ತಂಗೀ, ಆಯಿ ಇದ್ದಾಳಾ? ಅವಳನ್ನೇ ಕೇಳು. ನಮ್ಮ ಕಾಲದಲ್ಲಿ ಪಕ್ಕದ ಹೊಲಿಗೆ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡುತ್ತಿದ್ದೆವು, ಮುಂದೆ ದಪ್ಪ ಆದರೆ ಅಂತ.

ಕಾಳಿದಂಡೆ: ಕೇಳಿದೆ ಅತ್ತೆ. ಪಕ್ಕದಲ್ಲೂ ಬಿಟ್ಟಿದ್ದಳಂತೆ, ತೋಳಿನ ಅಂಚಿನಲ್ಲೂ ಎರಡು ಇಂಚು ಮಡಚಿದ್ದಾಳಂತೆ. ಪಕ್ಕದ್ದು ಟೈಲರ್ ಓವರ್‌ಲಾಕ್ ಮಾಡುವಾಗ ಕತ್ತರಿಸಿ ಬಿಸಾಡಿದ್ದಾರೆ. ನನಗೆ ಅಳುವೇ ಬಂತು. ತೋಳಿನದು ಇದೆ. ಒಳಗಿನ ಬಣ್ಣ ಇನ್ನೂ ಹೊಸ ಗಿಳಿ ಹಸಿರು!

ಗೋಕರ್ಣದ_ಅತ್ತೆ: ಸಾಕು. ಅದರಿಂದ ಕಂಕುಳಿಗೆ ಚೌಕ ತುಂಡು ಕೂರಿಸು, ಕೈ ಎತ್ತಲು ಜಾಗ ಆಗುತ್ತದೆ. ಹರಿದ ಕಡೆ ಒಳಗಿಂದ ಮೆತ್ತನೆಯ ಮಲ್ ಬಟ್ಟೆ (ತೆಳು ಹತ್ತಿ) ಕೊಡು. ಮಿಷನ್ ಬೇಡ, ಕೈಯಲ್ಲೇ ಹೊಲಿ.

ಹೆಗ್ಗರಣಿ_ಕಡೆ: ನಾನಾದರೆ ತೋಳು ಬಿಚ್ಚುವುದಿಲ್ಲ. ಅದು ತಾಯಿ ಹಾಕಿದ ಹೊಲಿಗೆ. ಒಮ್ಮೆ ಬಿಚ್ಚಿದರೆ ಹೋಯಿತು, ಮತ್ತೆ ಬರುವುದಿಲ್ಲ.

ಕಾಳಿದಂಡೆ: ನನಗೂ ಅದೇ ಸಂಕಟ ಇತ್ತು. ಆಯಿಗೆ ಹೇಳಿದರೆ "ಬಿಚ್ಚು, ಅದಕ್ಕೇ ಅಲ್ದಾ ಬಿಟ್ಟಿದ್ದು" ಅಂದಳು. ಅವಳಿಗೆ ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳಂತೆ. ಭಾನುವಾರ ಕೂರುತ್ತೇವೆ. ಒಂದೇ ಅನುಮಾನ, ಆ ಚೌಕವನ್ನು ನೇರ ಎಳೆಗೆ ಕತ್ತರಿಸಲೋ ಓರೆಗೋ?

ಪೆಡಲ್_ಶಿರಸಿ: ನಮ್ಮನೆಯ ಉಷಾ ಕಾಲು ಮಿಷನ್ ಅಜ್ಜಿಯ ಕಾಲದ್ದು. ಬೆಲ್ಟ್ ಮಾತ್ರ ಎರಡು ಸಲ ಬದಲಾಯಿಸಿದ್ದೇವೆ. ಈಗಲೂ ಪರದೆ, ದಿಂಬಿನ ಚೀಲ ಎಲ್ಲ ಅದರಲ್ಲೇ. ಫೋಟೊ ಹಾಕುತ್ತೇನೆ.

ಅಂಕೋಲಾ_ಎಳೆ: ಹಾಕಿ ಹಾಕಿ! ನಮ್ಮಲ್ಲಿ ಸಿಂಗರ್ ಇದೆ, ಕೈಯಲ್ಲಿ ತಿರುಗಿಸುವುದು.

ಕಾಳಿದಂಡೆ: ನೇರಕ್ಕೋ ಓರೆಗೋ, ಯಾರಾದರೂ ಹೇಳಿ. ಇರುವುದು ಎರಡೇ ಇಂಚು ಬಟ್ಟೆ.