ಜೂನ್ ಮಳೆಯವರೆಗೆ ಹುಲ್ಲು ಹೊಡೆಯುವ ಬ್ರಷ್ ಕಟರ್ ಎತ್ತಿಡುವುದು ಹೇಗೆ?

ಶ್ರೀನಿವಾಸಪುರದ ತೋಪು:
ನಮ್ಮದು ಶ್ರೀನಿವಾಸಪುರದ ಹತ್ತಿರ ಮೂರು ಎಕರೆ ಮಾವಿನ ತೋಪು. ಮಳೆಗೆ ಎದ್ದಿದ್ದ ಹುಲ್ಲು, ಕಾಂಗ್ರೆಸ್ ಗಿಡ ಎಲ್ಲಾ ಮೊನ್ನೆ ಹೊಡೆದು ಮುಗಿಸಿದೆ. ಇನ್ನು ಮಾವು ಹೂ ಬಿಡುವ ಕಾಲ. ಜೂನ್‌ವರೆಗೆ ಮೆಷಿನ್‌ಗೆ ಕೆಲಸವಿಲ್ಲ. ಹೋದ ಸಲ ಸುಮ್ನೆ ಮೂಲೆಯಲ್ಲಿ ಇಟ್ಟಿದ್ದೆ. ಮಳೆ ಬಿದ್ದ ಮೇಲೆ ಹಗ್ಗ ಎಳೆದೂ ಎಳೆದೂ ಭುಜ ನೋವು ಬಂತು, ಸ್ಟಾರ್ಟ್ ಆಗಲೇ ಇಲ್ಲ. ಟೂ ಸ್ಟ್ರೋಕ್ ಮೆಷಿನ್, ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕುವಂಥದ್ದು. ಈ ಸಲ ಹೇಗೆ ಇಡಬೇಕು ಹೇಳಿ.

ಚಿಂತಾಮಣಿ ಕಡೆಯವನು:
ಅಣ್ಣ, ಟ್ಯಾಂಕಲ್ಲಿ ಪೆಟ್ರೋಲ್ ಬಿಟ್ಟಿದ್ರಾ? ನಾನೂ ಅದೇ ತಪ್ಪು ಮಾಡಿದ್ದೆ. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್ ಒಳಗೆ ನಾಣ್ಯದಷ್ಟು ಅಗಲದ ತೆಳು ಪೊರೆ, ಅಂದರೆ ಡಯಾಫ್ರಾಮ್ ಇರುತ್ತದೆ. ಹೊಸದನ್ನು ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ನನ್ನದನ್ನು ಬಿಚ್ಚಿದಾಗ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಸಣ್ಣ ತೂತುಗಳಲ್ಲಿ ಅಂಟು ಕಟ್ಟಿತ್ತು. ಪೆಟ್ರೋಲ್ ಆರಿಹೋದರೆ ಉಳಿಯುವುದು ಆ ಅಂಟೇ. ಈಗಿನ ಪೆಟ್ರೋಲ್‌ನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯಲ್ಲಿನ ನೀರನ್ನೂ ಎಳೆದುಕೊಳ್ಳುತ್ತದೆ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಆಮೇಲೆ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಕಾರ್ಬುರೇಟರ್‌ನಲ್ಲಿ ಉಳಿದದ್ದೂ ಉರಿದುಹೋಗುತ್ತದೆ. ಇಷ್ಟು ಮಾಡಿದರೆ ಮುಕ್ಕಾಲು ಕೆಲಸ ಆಯಿತು.

ಎಂಜಿನ್ ಆರಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಒಂದು ಚಮಚ ಟೂಟಿ ಆಯಿಲ್ (ಪೆಟ್ರೋಲ್‌ಗೆ ಬೆರೆಸುವ ಅದೇ ಎಣ್ಣೆ) ಹಾಕಿ. ಹಗ್ಗವನ್ನು ನಿಧಾನಕ್ಕೆ ಮೂರು ಸಲ ಎಳೆಯಿರಿ. ಒಳಗೆಲ್ಲಾ ಎಣ್ಣೆ ಸವರಿಕೊಂಡು ತುಕ್ಕು ಹಿಡಿಯುವುದಿಲ್ಲ. ಪ್ಲಗ್ ವಾಪಸ್ ಹಾಕಿಬಿಡಿ. ಏರ್ ಫಿಲ್ಟರ್ ಸ್ಪಂಜನ್ನು ಸೋಪ್ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬ್ಲೇಡ್ ಬಿಚ್ಚಿ, ಒರೆಸಿ, ಎಣ್ಣೆ ಸವರಿ. ಬ್ಲೇಡ್ ತಿರುಗಿಸುವ ಗೇರ್ ಹೆಡ್‌ಗೆ ಗ್ರೀಸ್ ಹಾಕಿ.

ತುರುವೇಕೆರೆ:
ಟ್ಯಾಂಕ್ ಫುಲ್ ಮಾಡಿಟ್ಟರೆ ತುಕ್ಕು ಹಿಡಿಯಲ್ಲ ಅಂತ ನಮ್ಮ ತಂದೆ ಹೇಳುತ್ತಿದ್ದರು, ಅದು ತಪ್ಪಾ?

ಚಿಂತಾಮಣಿ ಕಡೆಯವನು:
ತಪ್ಪಲ್ಲ ಸಾರ್, ತಗಡಿನ ಟ್ಯಾಂಕ್‌ಗೆ ಆ ಮಾತು ಸರಿ. ಇದರ ಟ್ಯಾಂಕ್ ಪ್ಲಾಸ್ಟಿಕ್, ತುಕ್ಕಿನ ಭಯವೇ ಇಲ್ಲ. ಖಾಲಿ ಇಡುವುದೇ ಒಳ್ಳೆಯದು.

ಮಾಲೂರು:
ಇಲಿ ಮರೆಯಬೇಡಿ. ನಮ್ಮ ಶೆಡ್‌ನಲ್ಲಿ ಹಿಂಡಿ ಚೀಲದ ಪಕ್ಕ ಇಟ್ಟಿದ್ದೆ, ಪೆಟ್ರೋಲ್ ಪೈಪನ್ನೇ ಕಡಿದು ಹಾಕಿತ್ತು. ಈಗ ತೊಲೆಗೆ ನೇತು ಹಾಕುತ್ತೇನೆ.

ಶ್ರೀನಿವಾಸಪುರದ ತೋಪು:
ತುಂಬಾ ಉಪಕಾರ ಆಯಿತು. ಇವತ್ತೇ ಖಾಲಿ ಮಾಡಿದೆ. ಅರ್ಧ ಲೀಟರ್ ಆಯಿಲ್ ಬೆರೆಸಿದ ಪೆಟ್ರೋಲ್ ಉಳಿದಿದೆ. ಬೈಕ್‌ಗೆ ಹಾಕಬಹುದಾ?

ಚಿಂತಾಮಣಿ ಕಡೆಯವನು:
ಬೈಕ್‌ಗೆ ಬೇಡ ಅಣ್ಣ. ಪಕ್ಕದ ತೋಪಲ್ಲಿ ಇನ್ನೂ ಹುಲ್ಲು ಹೊಡೆಯುತ್ತಿದ್ದರೆ ಅವರಿಗೆ ಕೊಟ್ಟುಬಿಡಿ. ಜೂನ್‌ಗೆ ಹೊಸದಾಗಿ ಬೆರೆಸಿಕೊಳ್ಳಿ, ಅಳತೆ ನಿಮ್ಮ ಮೆಷಿನ್ ಪುಸ್ತಕದಲ್ಲಿ ಇರುತ್ತದೆ. 25ಕ್ಕೆ 1 ಅಂದರೆ ಲೀಟರ್ ಪೆಟ್ರೋಲ್‌ಗೆ 40 ಮಿಲಿ ಆಯಿಲ್, 50ಕ್ಕೆ 1 ಅಂದರೆ 20 ಮಿಲಿ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೊಗೆ ಜಾಸ್ತಿ ಬರುತ್ತದೆ. ಗಾಬರಿ ಬೇಡ, ನೀವು ಹಾಕಿದ ಆ ಒಂದು ಚಮಚ ಎಣ್ಣೆಯೇ ಅದು.